ಮಗುವಿನ ಹೃದಯದೋಷಕ್ಕೆ ಜೀನ್ ಕಾರಣವೇ? ಎಕೋ ವರದಿಯಿಂದ ಸರಿಯಾದ ಪರೀಕ್ಷೆಯವರೆಗೆ

ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು ಎಂಟು ಮಕ್ಕಳಿಗೆ ಹೃದಯದ ರಚನೆಯಲ್ಲೇ ಏನಾದರೊಂದು ದೋಷ ಇರುತ್ತದೆ. ಎಕೋ (ಹೃದಯದ ಸ್ಕ್ಯಾನ್) ಆಗಿ, ಚಿಕಿತ್ಸೆಯ ದಾರಿ ಗೊತ್ತಾದ ಮೇಲೆ ತಂದೆತಾಯಿಯ ಮನಸ್ಸಿನಲ್ಲಿ ಎರಡು ಪ್ರಶ್ನೆ ಉಳಿಯುತ್ತವೆ: ಇದು ಯಾಕಾಯಿತು? ಮುಂದಿನ ಮಗುವಿಗೂ ಆಗುತ್ತದೆಯೇ? ಇದಕ್ಕೆ ಎರಡು ಬಗೆಯ ಉತ್ತರ ಸಿಗುವುದುಂಟು. ಒಂದು, ‘ಕಾರಣ ಹುಡುಕಿ ಪ್ರಯೋಜನವಿಲ್ಲ’ ಎನ್ನುವುದು. ಇನ್ನೊಂದು, ಏನೂ ವಿಚಾರಿಸದೆ ಎಲ್ಲಕ್ಕಿಂತ ದೊಡ್ಡ, ದುಬಾರಿ ಜೀನ್ ಪರೀಕ್ಷೆಗೆ ಚೀಟಿ ಬರೆದುಕೊಡುವುದು. ಎರಡೂ ಸರಿಯಲ್ಲ.

ಎಕೋ ವರದಿಯಲ್ಲಿರುವ ದೋಷದ ಹೆಸರನ್ನೇ ಸರಿಯಾಗಿ ಓದಿದರೆ, ಹೃದಯ ರೂಪುಗೊಳ್ಳುವಾಗ ಯಾವ ಹಂತ ತಪ್ಪಿತು ಎಂಬುದು ಗೊತ್ತಾಗುತ್ತದೆ. ಹಂತ ಗೊತ್ತಾದರೆ ಅದನ್ನು ನಡೆಸುವ ಜೀನ್ ಯಾವುದು, ಅದನ್ನು ಹಿಡಿಯುವ ಪರೀಕ್ಷೆ ಯಾವುದು ಎಂಬುದೂ ಬಹುಮಟ್ಟಿಗೆ ಗೊತ್ತಾಗುತ್ತದೆ. ಆ ದಾರಿಯನ್ನು ತಂದೆತಾಯಿಗೂ, ತಾಲ್ಲೂಕು ಆಸ್ಪತ್ರೆಗಳಲ್ಲಿ ಇಂಥ ಮಕ್ಕಳನ್ನು ಮೊದಲು ನೋಡುವ ವೈದ್ಯರು, ದಾದಿಯರಿಗೂ ಇಲ್ಲಿ ವಿವರಿಸಿದ್ದೇವೆ.

ದಿನಗಳ ಲೆಕ್ಕ

ಗರ್ಭ ಕಟ್ಟಿದ ದಿನದಿಂದ ಎಣಿಸೋಣ. ಮೂರನೇ ವಾರದಲ್ಲಿ ಹೃದಯವಾಗಬೇಕಾದ ಜೀವಕೋಶಗಳು ಭ್ರೂಣದ ತಲೆಯ ಕಡೆ ಅರ್ಧಚಂದ್ರಾಕಾರದಲ್ಲಿ ಒಟ್ಟುಗೂಡುತ್ತವೆ. ಅವು ಸೇರಿ ಒಂದು ನಳಿಕೆಯಾಗುತ್ತದೆ. 22ನೇ ದಿನದ ಹೊತ್ತಿಗೆ ಅದು ಮಿಡಿಯತೊಡಗುತ್ತದೆ. 23ರಿಂದ 28ನೇ ದಿನದೊಳಗೆ ನಳಿಕೆ ಬಲಕ್ಕೆ ಬಾಗಿ ಸುತ್ತಿಕೊಳ್ಳುತ್ತದೆ. ನಾಲ್ಕನೇ ವಾರದಿಂದ ಎಂಟನೇ ವಾರದೊಳಗೆ ನಡುಗೋಡೆಗಳು ಎದ್ದು ನಾಲ್ಕು ಕೋಣೆಗಳಾಗುತ್ತವೆ, ಕವಾಟಗಳು ಮೂಡುತ್ತವೆ, ಹೃದಯದಿಂದ ಹೊರಡುವ ಒಂದೇ ದೊಡ್ಡ ಕೊಳವೆ ಸೀಳಿ ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿ ಎಂದು ಎರಡಾಗುತ್ತದೆ. ಅಲ್ಲಿಗೆ ಮುಖ್ಯ ರಚನೆ ಮುಗಿಯಿತು.

ಆಸ್ಪತ್ರೆಯಲ್ಲಿ ತಿಂಗಳ ಲೆಕ್ಕ ಹಾಕುವುದು ಕೊನೆಯ ಮುಟ್ಟಿನಿಂದ, ಅಂದರೆ ಇದಕ್ಕೆ ಎರಡು ವಾರ ಕೂಡಿಸಿ. ಹೃದಯ ಮಿಡಿಯಲು ತೊಡಗುವಾಗ ಮುಟ್ಟು ತಪ್ಪಿ ಒಂದು ವಾರವಷ್ಟೇ ಆಗಿರುತ್ತದೆ. ತಾಯಿ ಕಾರ್ಡ್ ಮಾಡಿಸಿ, ಮೊದಲ ಮಾತ್ರೆ ನುಂಗುವ ಹೊತ್ತಿಗೆ ಬಹಳಷ್ಟು ಕೆಲಸ ಆಗಿಹೋಗಿರುತ್ತದೆ. ಆದ್ದರಿಂದ ತಡೆಯಬಹುದಾದದ್ದನ್ನು ತಡೆಯುವುದೂ, ಜೀನ್ ಕಾರಣ ಹುಡುಕುವುದೂ ಮುಂದಿನ ಗರ್ಭಕ್ಕಿಂತ ಮೊದಲೇ ಆಗಬೇಕು. ಗರ್ಭಿಣಿಯಾದ ಮೇಲೆ ಹಳೆಯ ಮಗುವಿನ ಫೈಲು ಹಿಡಿದು ಓಡಾಡುವ ಕುಟುಂಬಗಳಿಗೆ ಸಮಯ ಸಾಲುವುದಿಲ್ಲ.

ಯಾವ ಹಂತಕ್ಕೆ ಯಾವ ಜೀನ್

ಹೃದಯ ರೂಪುಗೊಳ್ಳಲು ನೂರಾರು ಜೀನ್‌ಗಳು ಬೇಕು. ಅವುಗಳಲ್ಲಿ ಕೆಲವು ತಾವೇ ಏನನ್ನೂ ಕಟ್ಟುವುದಿಲ್ಲ. ಬೇರೆ ಜೀನ್‌ಗಳು ಎಲ್ಲಿ, ಯಾವಾಗ, ಎಷ್ಟು ಕೆಲಸ ಮಾಡಬೇಕೆಂದು ನಿಗದಿ ಮಾಡುವ ಪ್ರೋಟೀನ್‌ಗಳನ್ನು ಅವು ತಯಾರಿಸುತ್ತವೆ. ಕೆಲಸದಾಳುಗಳ ನಡುವೆ ಮೇಸ್ತ್ರಿ ಇದ್ದ ಹಾಗೆ. ಹೃದಯದ ಮಟ್ಟಿಗೆ ಇಂಥ ಮೂರು ಹೆಸರುಗಳನ್ನು ನೆನಪಿಡಬೇಕು: ಎನ್‌ಕೆಎಕ್ಸ್2-5, ಗಾಟಾ4, ಟಿಬಿಎಕ್ಸ್5. ಈ ಮೂರೂ ಡಿಎನ್‌ಎಯ ಅದದೇ ಜಾಗಗಳಲ್ಲಿ ಒಟ್ಟಾಗಿ ಕೂತು ಹೃದಯ ಸ್ನಾಯುವಿನ ಜೀನ್‌ಗಳನ್ನು ಚಾಲೂ ಮಾಡುತ್ತವೆ. ಟಿಬಿಎಕ್ಸ್5 ಕೆಟ್ಟರೆ ಹೃದಯದ ಜೊತೆಗೆ ಕೈಯೂ ಕೆಡುತ್ತದೆಂದು 1997ರಲ್ಲಿ ತಿಳಿಯಿತು. ಎನ್‌ಕೆಎಕ್ಸ್2-5 ಕೆಟ್ಟ ಕುಟುಂಬಗಳಲ್ಲಿ ಮೇಲಿನ ಕೋಣೆಗಳ ನಡುವಿನ ರಂಧ್ರ ಮತ್ತು ಹೃದಯದ ವಿದ್ಯುತ್ ತಡೆ (ಮಿಡಿತದ ಸಂಕೇತ ಸರಿಯಾಗಿ ಸಾಗದಿರುವುದು) ಎರಡೂ ಇರುತ್ತವೆಂದು 1998ರಲ್ಲಿ ಕಂಡುಬಂತು. 2003ರಲ್ಲಿ ಗಾಟಾ4ರ ಸರದಿ: ಗಾಟಾ4 ಮತ್ತು ಟಿಬಿಎಕ್ಸ್5 ಪ್ರೋಟೀನ್‌ಗಳು ಒಂದಕ್ಕೊಂದು ಅಂಟುವುದನ್ನೇ ತಪ್ಪಿಸುವ ಬದಲಾವಣೆಯೊಂದು ರಂಧ್ರವಿರುವ ಕುಟುಂಬದಲ್ಲಿ ಸಿಕ್ಕಿತು.

ಈ ಜೀನ್‌ಗಳ ಮುಖ್ಯ ಗುಣ ಪ್ರಮಾಣ. ಪ್ರತಿ ಜೀನಿಗೂ ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎರಡು ಪ್ರತಿಗಳಿರುತ್ತವೆ. ಅನೇಕ ಜೀನ್‌ಗಳಲ್ಲಿ ಒಂದು ಪ್ರತಿ ಕೆಟ್ಟರೂ ಇನ್ನೊಂದು ನಿಭಾಯಿಸುತ್ತದೆ. ಇವುಗಳಲ್ಲಿ ಹಾಗಲ್ಲ, ಅರ್ಧ ಪ್ರಮಾಣದ ಪ್ರೋಟೀನ್ ಸಾಲುವುದಿಲ್ಲ. ಅದರಿಂದಲೇ ಒಬ್ಬರೇ ಪೋಷಕರಿಂದ ಬಂದರೂ ದೋಷ ಕಾಣುತ್ತದೆ, ಪ್ರತಿ ಗರ್ಭದಲ್ಲೂ ದಾಟುವ ಸಾಧ್ಯತೆ 50%. ಆದರೆ ಅದೇ ಬದಲಾವಣೆ ತಂದೆಯಲ್ಲಿ ಕಂಡೂ ಕಾಣದಷ್ಟು ಚಿಕ್ಕ ದೋಷವಾಗಿದ್ದು, ಮಗುವಿನಲ್ಲಿ ದೊಡ್ಡದಾಗಬಹುದು. ‘ನಮ್ಮಿಬ್ಬರಿಗೂ ಏನೂ ಇಲ್ಲ’ ಎಂಬ ಮಾತನ್ನು ಪರೀಕ್ಷಿಸದೆ ಒಪ್ಪಬಾರದು.

ಉಳಿದವನ್ನು ಚುರುಕಾಗಿ ನೋಡೋಣ. ಎಡ-ಬಲ ನಿರ್ಧಾರವಾಗುವುದು ನಳಿಕೆ ಆಗುವ ಮೊದಲೇ: ಭ್ರೂಣದ ನಡುವೆ ಸೂಕ್ಷ್ಮ ರೋಮಗಳು ಬೀಸಿ ದ್ರವವನ್ನು ಎಡಕ್ಕೆ ಹರಿಸುತ್ತವೆ, ಎಡಭಾಗದಲ್ಲಿ ನೋಡಲ್ ಮತ್ತು ಪಿಟಿಎಕ್ಸ್2 ಚಾಲೂ ಆಗುತ್ತವೆ. ಹೊರಹರಿವಿನ ಕೊಳವೆ (ಹೃದಯದಿಂದ ಹೊರಡುವ ಆ ಒಂದೇ ದೊಡ್ಡ ಕೊಳವೆ) ಮತ್ತು ಬಲ ಕೆಳಕೋಣೆಯ ಬಹುಪಾಲು, ನಳಿಕೆಗೆ ಆಮೇಲೆ ಬಂದು ಸೇರುವ ಎರಡನೇ ತಂಡದ ಜೀವಕೋಶಗಳಿಂದ ಬರುತ್ತದೆ. ಇಲ್ಲಿ ಟಿಬಿಎಕ್ಸ್1 ಮುಖ್ಯ. ಆ ಕೊಳವೆಯನ್ನು ಎರಡಾಗಿ ಸೀಳಲು ನರಶಿಖೆಯ (ಮೆದುಳು, ಬೆನ್ನುಹುರಿಯಾಗುವ ಭಾಗದ ಅಂಚಿನ) ಜೀವಕೋಶಗಳು ತಲೆಯ ಕಡೆಯಿಂದ ವಲಸೆ ಬರಬೇಕು. ಕವಾಟಗಳಿಗೆ ನಾಚ್1, ಜ್ಯಾಗ್1, ಪಿಟಿಪಿಎನ್11 ಬೇಕು. ದೊಡ್ಡ ರಕ್ತನಾಳದ ಗೋಡೆಗೆ ಎಲಾಸ್ಟಿನ್. ಇವೆಲ್ಲಕ್ಕೂ ಮೇಲೆ, ಡಿಎನ್‌ಎ ಸುರುಳಿಯನ್ನು ಬಿಚ್ಚಿ ಮುಚ್ಚುವ ಕೆಎಂಟಿ2ಡಿ, ಸಿಎಚ್‌ಡಿ7ರಂಥ ಜೀನ್‌ಗಳಿವೆ. ತಂದೆತಾಯಿಯಲ್ಲಿ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಹುಟ್ಟಿದ ಬದಲಾವಣೆಗಳು ತೀವ್ರ ಹೃದಯದೋಷಗಳಲ್ಲಿ ಸುಮಾರು 10%ಕ್ಕೆ ಕಾರಣವೆಂದು 2013ರ ದೊಡ್ಡ ಅಧ್ಯಯನ ತೋರಿಸಿತು. ಅವುಗಳಲ್ಲಿ ಈ ಗುಂಪಿನ ಜೀನ್‌ಗಳೇ ಎದ್ದು ಕಂಡವು.

ದೋಷದ ಹೆಸರಿನಿಂದ ಪರೀಕ್ಷೆಗೆ

ಯಾರಿಗೆ ಪರೀಕ್ಷೆ ಬೇಡ ಎಂಬುದು ಮೊದಲು ತಿಳಿದಿರಲಿ. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಪಿಡಿಎ (ಹುಟ್ಟಿದ ಮೇಲೆ ಮುಚ್ಚಬೇಕಾದ ರಕ್ತನಾಳ ತೆರೆದೇ ಇರುವುದು) ಅಥವಾ ತಾನಾಗಿ ಮುಚ್ಚುತ್ತಿರುವ ಸಣ್ಣ ವಿಎಸ್‌ಡಿ (ಕೆಳಗಿನ ಕೋಣೆಗಳ ನಡುವಿನ ರಂಧ್ರ) ಇದ್ದು, ಬೇರಾವ ಅಂಗದಲ್ಲೂ ತೊಂದರೆ ಇಲ್ಲದೆ, ಬೆಳವಣಿಗೆ ಸರಿಯಾಗಿದ್ದು, ಕುಟುಂಬದಲ್ಲಿ ಯಾರಿಗೂ ಹೃದಯದೋಷ ಇಲ್ಲದಿದ್ದರೆ ಸಾಮಾನ್ಯವಾಗಿ ಜೀನ್ ಪರೀಕ್ಷೆಯಿಂದ ಏನೂ ಸಿಗುವುದಿಲ್ಲ. ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿ ಅದಲುಬದಲಾಗುವ ಟಿಜಿಎ ಒಂಟಿಯಾಗಿ ಬಂದಾಗಲೂ ಪರೀಕ್ಷೆಯಿಂದ ಕಾರಣ ಸಿಗುವುದು ಕಡಿಮೆ.

ಹೊರಹರಿವಿನ ದೋಷಗಳ ಮಾತು ಬೇರೆ. ಫ್ಯಾಲೋಟ್‌ನ ಟೆಟ್ರಾಲಜಿ (ಕೆಳಕೋಣೆಗಳ ನಡುವೆ ರಂಧ್ರವಿದ್ದು ಶ್ವಾಸಕೋಶದ ದಾರಿ ಕಿರಿದಾಗಿರುವುದು), ಟ್ರಂಕಸ್ (ಹೊರಹರಿವಿನ ಕೊಳವೆ ಎರಡಾಗದೆ ಉಳಿಯುವುದು), ಮಹಾಪಧಮನಿಯ ಕಮಾನು ತುಂಡಾಗಿರುವುದು, ಇವು ಕಂಡರೆ ಮೊದಲ ಪ್ರಶ್ನೆ, ಜೀನ್‌ಗಳನ್ನು ಹೊತ್ತ ಎಳೆಗಳಲ್ಲಿ ಒಂದಾದ 22ನೇ ಕ್ರೋಮೋಸೋಮಿನ ಕ್ಯೂ11.2 ಎಂಬ ಭಾಗದಲ್ಲಿ ತುಂಡು ಬಿಟ್ಟುಹೋಗಿದೆಯೇ ಎಂಬುದಾಗಿರಬೇಕು. ಟಿಬಿಎಕ್ಸ್1 ಇರುವುದು ಅಲ್ಲೇ. ಆ ತುಂಡು ಬಿಟ್ಟುಹೋದ ಮಕ್ಕಳು ಕಮಾನು ತುಂಡಾದ ‘ಬಿ’ ವಿಧದಲ್ಲಿ ಸುಮಾರು ಅರ್ಧದಷ್ಟು, ಟ್ರಂಕಸ್‌ನಲ್ಲಿ ಮೂರರಲ್ಲೊಂದು, ಟೆಟ್ರಾಲಜಿಯಲ್ಲಿ ಆರೇಳರಲ್ಲೊಂದು. ಬಿಟ್ಟುಹೋಗುವ ತುಂಡು ಸಾಮಾನ್ಯವಾಗಿ ಸುಮಾರು 30 ಲಕ್ಷ ಡಿಎನ್‌ಎ ಅಕ್ಷರಗಳದ್ದು. ಕೇಳಲು ದೊಡ್ಡದೆನಿಸಿದರೂ ಮಾಮೂಲಿ ಕ್ಯಾರಿಯೋಟೈಪ್‌ನಲ್ಲಿ (ಕ್ರೋಮೋಸೋಮ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ ನೋಡುವ ಪರೀಕ್ಷೆ) ಅದು ಕಾಣುವುದಿಲ್ಲ. ‘ಕ್ರೋಮೋಸೋಮ್ ಪರೀಕ್ಷೆ ನಾರ್ಮಲ್’ ಎಂಬ ಚೀಟಿ ನೋಡಿ ಇದನ್ನು ತಳ್ಳಿಹಾಕುವುದು ಆಗಾಗ ಆಗುವ ತಪ್ಪು. ಇಂಥ ಸಣ್ಣ ತುಂಡನ್ನೂ ಹಿಡಿಯುವ ಫಿಶ್, ಎಂಎಲ್‌ಪಿಎ ಅಥವಾ ಮೈಕ್ರೋಅರೇ ಪರೀಕ್ಷೆ ಮಾಡಿಸಬೇಕು.

ಈ ಪರೀಕ್ಷೆಯ ಮೇಲೆ ಹೆಚ್ಚು ಒತ್ತು ಕೊಡಲು ಕಾರಣವಿದೆ: ಫಲಿತಾಂಶ ಆಪರೇಷನ್ ಮೇಜಿನ ಮೇಲೇ ಬೇಕಾಗುತ್ತದೆ. ಈ ಮಕ್ಕಳಲ್ಲಿ ಕ್ಯಾಲ್ಸಿಯಂ ಕುಸಿದು ಫಿಟ್ಸ್ ಬರಬಹುದು. ಥೈಮಸ್ ಗ್ರಂಥಿ ಚಿಕ್ಕದಿದ್ದು ಟಿ-ಜೀವಕೋಶಗಳು (ಸೋಂಕಿನ ವಿರುದ್ಧ ಹೋರಾಡುವ ಬಿಳಿಕಣಗಳು) ಕಡಿಮೆ ಇದ್ದರೆ, ಹಾಕುವ ರಕ್ತಕ್ಕೆ ವಿಕಿರಣ ಹಾಯಿಸಿರಬೇಕು, ಇಲ್ಲವಾದರೆ ದಾನಿಯ ಬಿಳಿಕಣಗಳು ಮಗುವಿನ ಮೇಲೆಯೇ ತಿರುಗಿಬೀಳುವ ಅಪಾಯವಿದೆ. ಜೀವಂತ ರೋಗಾಣು ಇರುವ ಲಸಿಕೆಗಳನ್ನು ಹಾಕುವ ಮೊದಲು ಟಿ-ಜೀವಕೋಶದ ಎಣಿಕೆ ನೋಡಬೇಕು. ವರದಿ ಬರುವುದು ತಡವಾಗಿ ಆಪರೇಷನ್ ತುರ್ತಾಗಿದ್ದರೆ, ತುಂಡು ಬಿಟ್ಟುಹೋಗಿದೆ ಎಂದೇ ಭಾವಿಸಿ ಎಚ್ಚರಿಕೆ ವಹಿಸುವುದು ಕ್ಷೇಮ. ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಇದು ಹೊಸದಾಗಿ ಆದದ್ದು. ಉಳಿದ ಒಬ್ಬರಲ್ಲಿ ತಂದೆ ಅಥವಾ ತಾಯಿಗೂ ಇರುತ್ತದೆ, ಅದು ಅವರಿಗೇ ಗೊತ್ತಿರುವುದಿಲ್ಲ. ಹೀಗಾಗಿ ಮಗುವಿನಲ್ಲಿ ಸಿಕ್ಕರೆ ಇಬ್ಬರನ್ನೂ ಪರೀಕ್ಷಿಸಬೇಕು.

ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಗೋಡೆಯೆಲ್ಲ ಒಂದಾಗಿ ತೆರೆದ ಎವಿಎಸ್‌ಡಿ ಕಂಡರೆ ಡೌನ್ ಸಿಂಡ್ರೋಮ್ ನೆನಪಾಗಬೇಕು. ಡೌನ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದೋಷವಿರುತ್ತದೆ. ಇಲ್ಲಿ ಕ್ಯಾರಿಯೋಟೈಪ್ ಬೇಕೇಬೇಕು. ಮೈಕ್ರೋಅರೇ 21ನೇ ಕ್ರೋಮೋಸೋಮ್ ಹೆಚ್ಚಿದೆ ಎಂದಷ್ಟೇ ಹೇಳುತ್ತದೆ. ಅದು ಬಿಡಿಯಾಗಿದೆಯೋ, ಬೇರೊಂದು ಕ್ರೋಮೋಸೋಮಿಗೆ ಅಂಟಿಕೊಂಡಿದೆಯೋ ಎಂದು ಹೇಳದು. ಅಂಟಿಕೊಂಡ ಬಗೆ 3ರಿಂದ 4% ಮಕ್ಕಳಲ್ಲಿ ಮಾತ್ರ ಇದ್ದರೂ ಮುಂದಿನ ಗರ್ಭದ ಲೆಕ್ಕವೇ ಅದರಿಂದ ಬದಲಾಗುತ್ತದೆ. 14 ಮತ್ತು 21 ಅಂಟಿದ ಬಗೆಯನ್ನು ತಾಯಿ ಹೊತ್ತಿದ್ದರೆ ಮರುಕಳಿಸುವ ಸಾಧ್ಯತೆ 10ರಿಂದ 15%, ತಂದೆ ಹೊತ್ತಿದ್ದರೆ ಸುಮಾರು 1%. 21 ಮತ್ತು 21 ಅಂಟಿದ್ದರೆ ಬದುಕಿ ಹುಟ್ಟುವ ಪ್ರತಿ ಮಗುವಿಗೂ ಡೌನ್ ಇರುತ್ತದೆ.

ಎಎಸ್‌ಡಿ, ಅಂದರೆ ಮೇಲಿನ ಕೋಣೆಗಳ ನಡುವಿನ ರಂಧ್ರ, ಸಾಮಾನ್ಯ ದೋಷ, ಬಹುಪಾಲು ಒಂಟಿಯಾಗಿಯೇ ಬರುತ್ತದೆ. ಆದರೆ ಪರೀಕ್ಷೆಯ ಚೀಟಿಗಿಂತ ಮೊದಲು ಎರಡು ಅಗ್ಗದ ಕೆಲಸ ಮಾಡಿ: ಹೆಬ್ಬೆರಳು ನೋಡಿ, ಇಸಿಜಿ ತೆಗೆಸಿ. ಹೆಬ್ಬೆರಳು ಇಲ್ಲದಿರುವುದು, ತೆಳ್ಳಗಿರುವುದು, ಉಳಿದ ಬೆರಳುಗಳಂತೆ ಮೂರು ಗೆಣ್ಣು ಇರುವುದು, ಮುಂಗೈ ಗಿಡ್ಡವಿರುವುದು, ಇವೆಲ್ಲ ಟಿಬಿಎಕ್ಸ್5 ಕೆಟ್ಟ ಹೋಲ್ಟ್-ಓರಮ್ ಸಿಂಡ್ರೋಮಿನ ಗುರುತು. ತಂದೆತಾಯಿಯ ಕೈಗಳನ್ನೂ ನೋಡಿ. ಕಣ್ಣಿಗೆ ಸರಿ ಕಂಡರೂ ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಮೂಳೆ ವ್ಯತ್ಯಾಸ ಸಿಗಬಹುದು. ಇಸಿಜಿಯಲ್ಲಿ ಪಿಆರ್ ಅಂತರ (ಮಿಡಿತದ ಸಂಕೇತ ಮೇಲಿನ ಕೋಣೆಯಿಂದ ಕೆಳಕೋಣೆಗೆ ತಲುಪುವ ಸಮಯ) ವಯಸ್ಸಿಗೆ ಮೀರಿ ಉದ್ದವಿದ್ದರೆ, ವಯಸ್ಕರಲ್ಲಿ 200 ಮಿಲಿಸೆಕೆಂಡು ದಾಟಿದ್ದರೆ, ಎನ್‌ಕೆಎಕ್ಸ್2-5 ಪರೀಕ್ಷೆ ಬೇಕು. ಇಲ್ಲಿ ರಂಧ್ರ ಮುಚ್ಚಿದರೂ ಕಥೆ ಮುಗಿಯುವುದಿಲ್ಲ. ವಿದ್ಯುತ್ ತಡೆ ವರ್ಷಗಳ ಮೇಲೆ ಹೆಚ್ಚುತ್ತಾ ಹೋಗಿ ಪೇಸ್‌ಮೇಕರ್ ಬೇಕಾಗಬಹುದು, ಹಠಾತ್ ಸಾವೂ ಆಗಬಹುದು. ಇಂಥ ಮಗುವಿಗೆ ವರ್ಷಕ್ಕೊಮ್ಮೆ ಇಸಿಜಿ ತಪ್ಪಿಸಬಾರದು.

ಎಡಭಾಗದ ಅಡೆತಡೆಗಳು, ಅಂದರೆ ಮಹಾಪಧಮನಿ ಕವಾಟ ಕಿರಿದಾಗಿರುವುದು, ಮಹಾಪಧಮನಿಯೇ ಒಂದೆಡೆ ಕಿರಿದಾಗುವ ಕೋಆರ್ಕ್ಟೇಷನ್, ಎಡ ಹೃದಯವೇ ಬೆಳೆಯದ ಎಚ್‌ಎಲ್‌ಎಚ್‌ಎಸ್, ಕುಟುಂಬದಲ್ಲಿ ಸಾಗುವ ಒಲವು ಹೆಚ್ಚಿರುವ ಗುಂಪು. ನಾಚ್1 ಇಲ್ಲಿನ ಪರಿಚಿತ ಜೀನ್. ಮೂರರ ಬದಲು ಎರಡೇ ಎಲೆಯ ಮಹಾಪಧಮನಿ ಕವಾಟಕ್ಕೂ ಇದಕ್ಕೂ ಇರುವ ನಂಟು 2005ರಲ್ಲಿ ತಿಳಿಯಿತು. ಮಗುವಿಗೆ ಜೀನ್ ಪರೀಕ್ಷೆ ಮಾಡಿಸಿ, ಮಾಡಿಸದಿರಿ, ತಂದೆ, ತಾಯಿ, ಒಡಹುಟ್ಟಿದವರಿಗೆ ಒಂದು ಎಕೋ ಮಾಡಿಸಿ. ಎರಡೆಲೆಯ ಕವಾಟ ನಲವತ್ತು ಐವತ್ತರವರೆಗೆ ಸದ್ದಿಲ್ಲದೆ ಇರಬಲ್ಲದು. ಕೋಆರ್ಕ್ಟೇಷನ್ ಇರುವುದು ಹೆಣ್ಣುಮಗುವಿಗಾದರೆ ಟರ್ನರ್ ಸಿಂಡ್ರೋಮಿಗಾಗಿ (ಒಂದು ಎಕ್ಸ್ ಕ್ರೋಮೋಸೋಮ್ ಕೊರತೆ) ಕ್ಯಾರಿಯೋಟೈಪ್ ಮಾಡಿಸಿ. ಕುಳ್ಳಗಿರುವುದು ಶಾಲೆಗೆ ಹೋಗುವ ವಯಸ್ಸಿನಲ್ಲಿ ಕಾಣುವವರೆಗೆ ಕಾಯಬೇಡಿ.

ಶ್ವಾಸಕೋಶದ ಕವಾಟ ಕಿರಿದಾಗಿದ್ದು ಎಲೆಗಳು ದಪ್ಪವಿದ್ದರೆ, ಜೊತೆಗೆ ಕಣ್ಣುಗಳ ನಡುವೆ ಅಂತರ, ಕೆಳಗಿಳಿದ ಕಿವಿ, ಗಿಡ್ಡ ಕತ್ತು ಇದ್ದರೆ ನೂನಾನ್ ಸಿಂಡ್ರೋಮ್. ಸುಮಾರು ಅರ್ಧದಷ್ಟು ಮಂದಿಯಲ್ಲಿ ಪಿಟಿಪಿಎನ್11 ಕಾರಣ. ಇವರಿಗೆ ರಕ್ತ ಬೇಗ ಹೆಪ್ಪುಗಟ್ಟದಿರಬಹುದು. ಆಪರೇಷನ್‌ಗೆ ಮೊದಲು ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಪಿಟಿ, ಎಪಿಟಿಟಿ, ಪ್ಲೇಟ್‌ಲೆಟ್ ನೋಡಲೇಬೇಕು. ಶ್ವಾಸಕೋಶದ ಅಪಧಮನಿಯ ಕವಲುಗಳು ಕಿರಿದಾಗಿದ್ದು, ಹುಟ್ಟಿದಾಗ ಕಾಮಾಲೆ ಬಹಳ ದಿನ ಎಳೆದಿದ್ದರೆ ಅಲಜೀಲ್ ಸಿಂಡ್ರೋಮ್. ಇಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಬಾರಿ ಜ್ಯಾಗ್1 ಕೆಟ್ಟಿರುತ್ತದೆ, ಬೆನ್ನುಮೂಳೆಯ ಎಕ್ಸ್‌ರೇಯಲ್ಲಿ ಚಿಟ್ಟೆಯಾಕಾರದ ಮಣಿ ಸಿಗಬಹುದು. ಮಹಾಪಧಮನಿ ಕವಾಟದ ಮೇಲ್ಭಾಗದಲ್ಲಿ ಕಿರಿದಾಗಿದ್ದು ಮಗು ಅಪರಿಚಿತರ ಹತ್ತಿರವೂ ಸಲೀಸಾಗಿ ಸೇರುವಂಥದ್ದಾದರೆ ವಿಲಿಯಮ್ಸ್ ಸಿಂಡ್ರೋಮ್: 7ನೇ ಕ್ರೋಮೋಸೋಮಿನಲ್ಲಿ ಎಲಾಸ್ಟಿನ್ ಇರುವ ತುಂಡೇ ಬಿಟ್ಟುಹೋಗಿರುತ್ತದೆ. ಇವರಿಗೆ ಅರಿವಳಿಕೆ ಅಪಾಯಕಾರಿ. ಹಲ್ಲು ಕೀಳುವಂಥ ಸಣ್ಣ ಕೆಲಸಕ್ಕೂ ಹೃದಯದ ಅರಿವಳಿಕೆ ಗೊತ್ತಿರುವ ತಂಡವಿರುವ ಕಡೆಗೇ ಹೋಗಿ.

ಹೃದಯ ಬಲಕ್ಕಿದ್ದು, ಹೊಟ್ಟೆಯ ಅಂಗಗಳು ಅತ್ತಿತ್ತ ಆಗಿರುವ ಹೆಟರೋಟ್ಯಾಕ್ಸಿ ಎಡ-ಬಲದ ದೋಷ. ಹುಡುಗರಲ್ಲಿ, ತಾಯಿಯ ಕಡೆ ಗಂಡುಮಕ್ಕಳು ತೀರಿಕೊಂಡ ಇತಿಹಾಸವಿದ್ದರೆ ಎಕ್ಸ್ ಕ್ರೋಮೋಸೋಮಿನ ಝಿಕ್3 ನೋಡಬೇಕು. ಹುಟ್ಟಿದ ದಿನದಿಂದ ಮೂಗು ಸೋರುವುದು, ಮತ್ತೆ ಮತ್ತೆ ಕಫ ಇದ್ದರೆ ರೋಮಗಳ ಚಲನೆಯ ಜೀನ್‌ಗಳು, ಉದಾಹರಣೆಗೆ ಡಿಎನ್‌ಎಎಚ್5. ಈ ರೋಮದ ದೋಷಗಳಲ್ಲಿ ಹೆಚ್ಚಿನವು ತಂದೆತಾಯಿ ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬಂದಾಗ ಆಗುವಂಥವು, ಹಾಗಾಗಿ ಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ವಿಶೇಷವಾಗಿ ನೋಡಬೇಕು. ಎರಡೂ ಮೇಲಿನ ಕೋಣೆ ಒಂದೇ ಆಗಿದ್ದು ಕೈಯಲ್ಲಿ ಆರು ಬೆರಳಿದ್ದರೆ ಎಲಿಸ್-ವಾನ್ ಕ್ರೆವೆಲ್ಡ್ ಸಿಂಡ್ರೋಮ್, ಅದೂ ಹೀಗೆಯೇ ಇಬ್ಬರಿಂದಲೂ ಬರುವಂಥದ್ದು.

ವಂಶವೃಕ್ಷ ಬರೆಯುವಾಗ

ಮೂರು ತಲೆಮಾರು ಬರೆಯಿರಿ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ದೋಷವಿದ್ದವರಿಗೆ ಒಳಗೆ ಕಪ್ಪು, ತೀರಿಕೊಂಡವರಿಗೆ ಓರೆಗೆರೆ, ಗರ್ಭಪಾತಕ್ಕೆ ಪುಟ್ಟ ತ್ರಿಕೋನ, ಸಂಬಂಧದಲ್ಲಿ ಮದುವೆಯಾದ ದಂಪತಿಯ ನಡುವೆ ಜೋಡಿಗೆರೆ. ‘ಹೃದಯದ ಕಾಯಿಲೆ ಯಾರಿಗಾದರೂ ಇದೆಯೇ’ ಎಂದು ಕೇಳಿದರೆ ಅರವತ್ತರಲ್ಲಿ ಅಟ್ಯಾಕ್ ಆದ ತಾತನ ಹೆಸರು ಬರುತ್ತದೆ. ಅದು ಇಲ್ಲಿ ಬೇಡ. ಹೀಗೆ ಕೇಳಿ: ಹುಟ್ಟಿ ಕೆಲವೇ ದಿನದಲ್ಲಿ ತೀರಿಕೊಂಡ ಮಗು ಇದೆಯೇ? ನೀಲಿಗಟ್ಟುತ್ತಿದ್ದ ಮಗು? ಚಿಕ್ಕ ವಯಸ್ಸಿನಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರು, ಮಲಗಿದ್ದಲ್ಲೇ ಹೋದವರು? ಬೆರಳಿನ ದೋಷ, ಸೀಳು ಅಂಗುಳ, ಕಿವುಡು, ಕಲಿಕೆಯಲ್ಲಿ ಹಿಂದೆ ಬಿದ್ದವರು? ಎರಡಕ್ಕಿಂತ ಹೆಚ್ಚು ಗರ್ಭಪಾತ?

ನಮ್ಮಲ್ಲಿ ದೊಡ್ಡಪ್ಪನ ಮಗನೂ ಅಣ್ಣ, ಒಡಹುಟ್ಟಿದವನೂ ಅಣ್ಣ. ಪ್ರತಿ ಹೆಸರಿಗೂ ‘ಯಾರ ಹೊಟ್ಟೆಯಲ್ಲಿ ಹುಟ್ಟಿದವರು’ ಎಂದು ಬಿಡಿಸಿ ಕೇಳಿ ಗೆರೆ ಎಳೆಯಿರಿ. ಮದುವೆಯ ಸಂಬಂಧವನ್ನೂ ಹಾಗೆಯೇ ಬರೆಯಬೇಕು. ಅಕ್ಕನ ಮಗಳನ್ನು ಸೋದರಮಾವ ಮದುವೆಯಾದರೆ ಹುಟ್ಟುವ ಮಗುವಿನ ಜೀನ್‌ಗಳಲ್ಲಿ ಎಂಟರಲ್ಲೊಂದು ಪಾಲು ಎರಡೂ ಕಡೆಯಿಂದ ಒಂದೇ ಆಗಿ ಬಂದಿರುವ ಸಾಧ್ಯತೆ. ಅತ್ತೆ ಮಗ, ಮಾವನ ಮಗಳ ಮದುವೆಯಲ್ಲಿ ಹದಿನಾರರಲ್ಲೊಂದು. ಕರ್ನಾಟಕದಲ್ಲಿ ಎರಡೂ ಬಗೆಯ ಮದುವೆಗಳು ಇಂದಿಗೂ ನಡೆಯುತ್ತಿವೆ. ಈ ಪ್ರಶ್ನೆಯನ್ನು ಗೌರವದಿಂದ, ಅತ್ತೆ-ಮಾವಂದಿರು ಇಲ್ಲದ ಕಡೆ ಕೇಳಬೇಕು. ತಪ್ಪು ಹೊರಿಸುವ ಧ್ವನಿ ಬಂದರೆ ಉತ್ತರವೇ ಮುಚ್ಚಿಹೋಗುತ್ತದೆ, ಮತ್ತು ಎಷ್ಟೋ ಮನೆಗಳಲ್ಲಿ ಆ ತಪ್ಪಿನ ಹೊರೆ ತಾಯಿಯೊಬ್ಬಳ ತಲೆಯ ಮೇಲೆ ಕೂರುತ್ತದೆ.

ರಕ್ತ ತೆಗೆಯುವುದು

ಕ್ಯಾರಿಯೋಟೈಪ್ ಮತ್ತು ಫಿಶ್‌ಗೆ ಸೋಡಿಯಂ ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬಿನಲ್ಲಿ 2ರಿಂದ 3 ಮಿ.ಲೀ. ಜೀವಕೋಶಗಳು ಬದುಕಿರಬೇಕು, ಅದಕ್ಕೇ ಫ್ರೀಜ್ ಮಾಡಬಾರದು. 24ರಿಂದ 48 ಗಂಟೆಯೊಳಗೆ ಲ್ಯಾಬ್ ಸೇರಬೇಕು. ಶನಿವಾರ ಮಧ್ಯಾಹ್ನ ತೆಗೆದು ಕೊರಿಯರ್‌ಗೆ ಕೊಟ್ಟ ರಕ್ತ ಸೋಮವಾರ ಸತ್ತಿರುತ್ತದೆ. ಸೋಮವಾರದಿಂದ ಗುರುವಾರದೊಳಗೆ ತೆಗೆಯಿರಿ. ಎಂಎಲ್‌ಪಿಎ, ಮೈಕ್ರೋಅರೇ, ಎಕ್ಸೋಮ್‌ಗೆ (ಪ್ರೋಟೀನ್ ತಯಾರಿಸುವ ಡಿಎನ್‌ಎ ಭಾಗವನ್ನೆಲ್ಲ ಓದುವ ಪರೀಕ್ಷೆ) ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬು, 2ರಿಂದ 3 ಮಿ.ಲೀ. ಟ್ಯೂಬು ಅದಲುಬದಲಾದರೆ ಹೆಪಾರಿನ್, ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಅನ್ನು ತಡೆಯುತ್ತದೆ, ಇಡಿಟಿಎಯಲ್ಲಿ ಜೀವಕೋಶಗಳು ಸರಿಯಾಗಿ ಬೆಳೆಯುವುದಿಲ್ಲ. ಎಂಟು ಹತ್ತು ಬಾರಿ ನಿಧಾನವಾಗಿ ಬುಡಮೇಲು ಮಾಡಿ; ಕುಲುಕಬೇಡಿ.

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ರಕ್ತ ಹಾಕಿದ ಮೇಲೆ ತೆಗೆಯುವುದು. ದಾನಿಯ ಬಿಳಿಕಣಗಳ ಡಿಎನ್‌ಎ ಬೆರೆತು ಫಲಿತಾಂಶ ಗೊಂದಲವಾಗುತ್ತದೆ. ಆಪರೇಷನ್‌ಗೆ ಮೊದಲೇ, ಉಳಿದ ಪರೀಕ್ಷೆಗಳಿಗೆ ರಕ್ತ ತೆಗೆಯುವಾಗಲೇ ಒಂದು ಇಡಿಟಿಎ ಟ್ಯೂಬು ತೆಗೆದು ಡಿಎನ್‌ಎ ಎತ್ತಿಡಿಸಿ. ಆಗಲೇ ಪರೀಕ್ಷೆ ಮಾಡಿಸಲು ಹಣವಿಲ್ಲದಿದ್ದರೂ ಇದು ದೊಡ್ಡ ಆಸ್ತಿ. ತೀವ್ರ ದೋಷದ ಮಗು ಉಳಿಯದಿದ್ದರೆ, ಮುಂದೆ ಕಾರಣ ತಿಳಿಯಲು ಅದೊಂದೇ ದಾರಿಯಾಗಬಹುದು. ಆಗಲೇ ರಕ್ತ ಹಾಕಿದ್ದರೆ ಲ್ಯಾಬಿಗೆ ತಾರೀಖು ತಿಳಿಸಿ. ಕೆಲವು ವಾರ ಕಾಯಲು ಅಥವಾ ಕೆನ್ನೆಯ ಒಳಗಿನ ಸ್ವಾಬ್ ಕಳಿಸಲು ಹೇಳುತ್ತಾರೆ.

ದೋಷ ಯಾವ ಸಿಂಡ್ರೋಮಿಗೂ ಹೊಂದದೆ, ಹೃದಯದ ಜೊತೆ ಬೇರೊಂದು ಅಂಗದಲ್ಲಿ ತೊಂದರೆ ಅಥವಾ ಬೆಳವಣಿಗೆಯಲ್ಲಿ ಹಿನ್ನಡೆ ಇದ್ದರೆ ಮೊದಲು ಮೈಕ್ರೋಅರೇ, ಅದು ನಾರ್ಮಲ್ ಬಂದರೆ ಎಕ್ಸೋಮ್. ಎಕ್ಸೋಮ್ ಮಾಡಿಸುವಾಗ ಮಗು, ತಂದೆ, ತಾಯಿ ಮೂವರದ್ದೂ ಒಟ್ಟಿಗೆ ಕಳಿಸುವುದು ಒಳ್ಳೆಯದು. ಮಗುವಿನದ್ದೊಂದೇ ಕಳಿಸಿ ಹಣ ಉಳಿಸಿದರೆ, ಬದಲಾವಣೆ ಹೊಸದೋ ಹಳೆಯದೋ ತಿಳಿಯದೆ ಆಮೇಲೆ ಮತ್ತೆ ಖರ್ಚಾಗುತ್ತದೆ. ವರದಿಯನ್ನು ಬಿಡಿಸಿ ಹೇಳುವ ತಜ್ಞರು ಯಾರೆಂದು ರಕ್ತ ಕೊಡುವ ಮೊದಲೇ ಗೊತ್ತುಮಾಡಿಕೊಳ್ಳಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ವೈದ್ಯಕೀಯ ತಳಿವಿಜ್ಞಾನ ವಿಭಾಗಗಳಂಥ ಕಡೆ ಇದಕ್ಕೆಂದೇ ವೈದ್ಯರಿದ್ದಾರೆ. ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ 18 ವರ್ಷದವರೆಗಿನ ಮಕ್ಕಳ ಹೃದಯದೋಷವನ್ನು ಗುರುತಿಸಿ ಕಳಿಸುತ್ತದೆ. ಆ ದಾರಿಯಲ್ಲಿ ಬಂದವರು ಜೀನ್ ಪರೀಕ್ಷೆಯ ಖರ್ಚು ಯಾರದ್ದೆಂದು ಮೊದಲೇ ಕೇಳಿಕೊಳ್ಳಬೇಕು.

ವರದಿ ಓದುವುದು

ಸಿಕ್ಕ ಬದಲಾವಣೆಗೆ ಐದು ದರ್ಜೆಗಳಲ್ಲಿ ಒಂದನ್ನು ಹಾಕಿರುತ್ತಾರೆ: ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ಖಚಿತವಿಲ್ಲದ್ದು, ಬಹುಶಃ ನಿರುಪದ್ರವಿ, ನಿರುಪದ್ರವಿ. ಕುಟುಂಬಗಳು ಎಡವುವುದು ನಡುವಿನ ದರ್ಜೆಯಲ್ಲಿ, ವರದಿಯಲ್ಲಿ ಅದನ್ನು ವಿಯುಎಸ್ ಎಂದು ಬರೆದಿರುತ್ತಾರೆ. ವಿಯುಎಸ್ ಎಂದರೆ ಕಾರಣ ಸಿಕ್ಕಿತು ಎಂದಲ್ಲ. ಅದನ್ನು ನಂಬಿ ಗರ್ಭದ ಪರೀಕ್ಷೆ ಮಾಡಿಸಬಾರದು, ಗರ್ಭ ಉಳಿಸುವ ತೆಗೆಸುವ ತೀರ್ಮಾನವನ್ನಂತೂ ಮಾಡಲೇಬಾರದು. ಜಗತ್ತಿನ ಜೀನ್ ದತ್ತಾಂಶದಲ್ಲಿ ಯುರೋಪ್ ಮೂಲದವರ ಪಾಲು ಹೆಚ್ಚಿರುವುದರಿಂದ ನಮ್ಮಲ್ಲಿ ಸಾಮಾನ್ಯವಾದ ನಿರುಪದ್ರವಿ ಬದಲಾವಣೆಗಳೂ ಅಪರೂಪವೆಂಬಂತೆ ಕಂಡು ವಿಯುಎಸ್ ಪಟ್ಟಿಗೆ ಸೇರುತ್ತವೆ. ತಂದೆತಾಯಿಯಲ್ಲಿ ಆ ಒಂದು ಬದಲಾವಣೆಯನ್ನು ನೋಡಿಸಿ, ಒಂದೆರಡು ವರ್ಷದ ಮೇಲೆ ಹಳೆಯ ದತ್ತಾಂಶವನ್ನೇ ಮತ್ತೆ ವಿಶ್ಲೇಷಿಸಲು ಲ್ಯಾಬನ್ನು ಕೇಳಿ. ಇದಕ್ಕೆ ಹೊಸ ರಕ್ತ ಬೇಡ.

ಭಾರತೀಯರ ವರದಿಗಳಲ್ಲಿ ಇಣುಕುವ ಒಂದು ಹೆಸರನ್ನು ಇಲ್ಲೇ ಹೇಳಬೇಕು: ಎಂವೈಬಿಪಿಸಿ3 ಜೀನಿನಲ್ಲಿ 25 ಅಕ್ಷರ ಬಿಟ್ಟುಹೋಗಿರುವುದು. ದಕ್ಷಿಣ ಏಷ್ಯಾದವರಲ್ಲಿ ಸುಮಾರು 4% ಮಂದಿಗೆ ಇದಿದೆ ಎಂದು 2009ರಲ್ಲಿ ಪ್ರಕಟವಾಯಿತು. ಇದಕ್ಕೆ ನಂಟಿರುವುದು ಹೃದಯ ಸ್ನಾಯುವಿನ ಕಾಯಿಲೆಯ ಜೊತೆ. ಮಗುವಿನ ಹೃದಯದ ರಂಧ್ರಕ್ಕೆ ಇದು ವಿವರಣೆಯಲ್ಲ.

ವರದಿ ‘ಏನೂ ಸಿಗಲಿಲ್ಲ’ ಎಂದರೆ ಜೀನ್ ಕಾರಣವಲ್ಲ ಎಂದು ತಿಳಿಯಬೇಡಿ. ಎಕ್ಸೋಮ್ ಓದುವುದು ಪ್ರೋಟೀನ್ ತಯಾರಿಸುವ 1ರಿಂದ 2% ಭಾಗವನ್ನು ಮಾತ್ರ. ಜೀನ್‌ಗಳನ್ನು ಚಾಲೂ ಮಾಡುವ ಸ್ವಿಚ್‌ಗಳಿರುವ ಜಾಗ ಬಹುತೇಕ ಅದರ ಹೊರಗಿದೆ. ಇಂಥ ಕುಟುಂಬಕ್ಕೆ ಅನುಭವದ ಲೆಕ್ಕ ಬಳಸುತ್ತಾರೆ: ಒಂದು ಮಗುವಿಗೆ ದೋಷವಿದ್ದರೆ ಮುಂದಿನ ಮಗುವಿಗೆ 2ರಿಂದ 3%, ಎರಡು ಮಕ್ಕಳಿಗಿದ್ದರೆ ಸುಮಾರು 10%. ಎಡಭಾಗದ ದೋಷ ಮತ್ತು ಹೆಟರೋಟ್ಯಾಕ್ಸಿಯಲ್ಲಿ ಇದಕ್ಕಿಂತ ಹೆಚ್ಚು. 2ರಿಂದ 3% ಎಂದರೆ ನೂರರಲ್ಲಿ 97ರಿಂದ 98 ಸಲ ಹೃದಯ ಸರಿಯಾಗಿರುತ್ತದೆ ಎಂದೂ ಬಿಡಿಸಿ ಹೇಳಬೇಕು. ಶೇಕಡಾವಾರು ಒಂದನ್ನೇ ಕೇಳಿದವರು ಭಯವನ್ನಷ್ಟೇ ಹೊತ್ತು ಮನೆಗೆ ಹೋಗುತ್ತಾರೆ.

ಮುಂದಿನ ಗರ್ಭಕ್ಕೆ ಮೊದಲು ಮತ್ತು ಆಮೇಲೆ

ಗರ್ಭ ಧರಿಸುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ. ಮಧುಮೇಹ ಇದ್ದವರಿಗೆ ಅಥವಾ ಹಿಂದೆ ಬೆನ್ನುಹುರಿಯ ದೋಷದ ಮಗು ಹುಟ್ಟಿದ್ದರೆ ವೈದ್ಯರು 5 ಮಿಲಿಗ್ರಾಂ ಬರೆಯುತ್ತಾರೆ. ಬೆನ್ನುಹುರಿಗೆ ಇದರ ಲಾಭ ಖಚಿತ, ಹೃದಯಕ್ಕೆ ಪುರಾವೆ ಅಷ್ಟು ಗಟ್ಟಿಯಿಲ್ಲ, ಆದರೂ ಬಿಡುವಂಥದ್ದಲ್ಲ. ಮಧುಮೇಹವಿದ್ದರೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 6.5%ಗಿಂತ ಕೆಳಗೆ ತಂದು ಆಮೇಲೆ ಗರ್ಭ, 10% ಮೀರಿದ್ದರೆ ಸದ್ಯಕ್ಕೆ ಬೇಡ. ರಕ್ತದ ಹೆಚ್ಚಿನ ಸಕ್ಕರೆ ಹೃದಯದ ಜೀನ್‌ಗಳ ಕೆಲಸವನ್ನೇ ಕೆಡಿಸುತ್ತದೆ, ಅದೂ ತಾಯಿಗೆ ಗರ್ಭ ನಿಂತದ್ದು ತಿಳಿಯುವ ಮೊದಲೇ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ವಿಟಮಿನ್ ಎ ಗುಂಪಿನದು, ನೇರವಾಗಿ ಜೀನ್ ನಿಯಂತ್ರಣಕ್ಕೆ ಕೈಹಾಕುವಂಥದ್ದು. ನಿಲ್ಲಿಸಿ ಒಂದು ತಿಂಗಳಾದ ಮೇಲೆಯೇ ಗರ್ಭ. ಫಿಟ್ಸ್‌ಗೆ ವಾಲ್‌ಪ್ರೋಯೇಟ್ ನುಂಗುತ್ತಿರುವವರು ತಾವಾಗಿ ನಿಲ್ಲಿಸಬಾರದು, ಮೊದಲೇ ಹೋಗಿ ಮಾತ್ರೆ ಬದಲಿಸಿಕೊಳ್ಳಬೇಕು. ರುಬೆಲ್ಲಾ ಲಸಿಕೆ ಆಗಿರದಿದ್ದರೆ ಹಾಕಿಸಿ ಒಂದು ತಿಂಗಳು ಬಿಡಿ.

ಕುಟುಂಬದ ರೋಗಕಾರಕ ಬದಲಾವಣೆ ಗೊತ್ತಿದ್ದರೆ 11ರಿಂದ 13ನೇ ವಾರದಲ್ಲಿ ಮಾಸುಚೀಲದ ಚೂರು ತೆಗೆದು, ಅಥವಾ 16ನೇ ವಾರದಿಂದ ಗರ್ಭದ ನೀರು ತೆಗೆದು ಪರೀಕ್ಷಿಸಬಹುದು. ಗೊತ್ತಿಲ್ಲದಿದ್ದರೆ 11 ವಾರದಿಂದ 13 ವಾರ 6 ದಿನದೊಳಗಿನ ಸ್ಕ್ಯಾನಿನಲ್ಲಿ ಕತ್ತಿನ ಹಿಂದಿನ ನೀರಿನ ಪದರ ನೋಡಿಸಿ, 3.5 ಮಿಲಿಮೀಟರ್ ಮೀರಿದರೆ ಹೃದಯದೋಷದ ಸಾಧ್ಯತೆ ಹೆಚ್ಚುತ್ತದೆ. ಭ್ರೂಣದ ಎಕೋವನ್ನು 18ರಿಂದ 20ನೇ ವಾರದೊಳಗೆ ಮಾಡಿಸಿ. ಪುಸ್ತಕದಲ್ಲಿ 24ರವರೆಗೆ ಅವಕಾಶವಿದ್ದರೂ ಕಾಯಬೇಡಿ: ದೋಷ ಸಿಕ್ಕರೆ ಗರ್ಭದ ನೀರಿನ ಮೈಕ್ರೋಅರೇ ವರದಿಗೆ ಎರಡು ಮೂರು ವಾರ ಬೇಕು. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ 24 ವಾರ ದಾಟಿದ ಮೇಲೆ ಗಂಭೀರ ದೋಷಕ್ಕಾಗಿ ಗರ್ಭ ತೆಗೆಸಲು ವೈದ್ಯಕೀಯ ಮಂಡಳಿಯ ಒಪ್ಪಿಗೆ ಬೇಕು. ಗರ್ಭದ ಜೀನ್ ಪರೀಕ್ಷೆಗಳು ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ನೋಂದಾಯಿತ ಕೇಂದ್ರದಲ್ಲಿ, ತಾಯಿಯ ಲಿಖಿತ ಒಪ್ಪಿಗೆಯ ಮೇಲೆ ಮಾತ್ರ ನಡೆಯುತ್ತವೆ. ಮಗು ಗಂಡೋ ಹೆಣ್ಣೋ ಎಂದು ಹೇಳುವಂತಿಲ್ಲ, ಕೇಳುವಂತೆಯೂ ಇಲ್ಲ.

ತೀವ್ರ ದೋಷ ಮೊದಲೇ ಕಂಡು ಗರ್ಭ ಮುಂದುವರಿಸಿದರೆ ಹೆರಿಗೆ ಹೃದಯ ತಂಡವಿರುವ ಆಸ್ಪತ್ರೆಯಲ್ಲೇ ಆಗಲಿ. ಭ್ರೂಣದ ಎಕೋ ಸರಿಯಿದ್ದರೂ ಸಣ್ಣ ರಂಧ್ರಗಳು ತಪ್ಪಬಹುದು. ಹುಟ್ಟಿ 24 ಗಂಟೆ ಆದ ಮೇಲೆ ಬಲಗೈ ಮತ್ತು ಒಂದು ಕಾಲಿನಲ್ಲಿ ಆಕ್ಸಿಮೀಟರ್ ಇಟ್ಟು ನೋಡಿ: ಯಾವುದರಲ್ಲಾದರೂ 90%ಗಿಂತ ಕಡಿಮೆ ಬಂದರೆ ತಕ್ಷಣ ಎಕೋ, 95% ಮುಟ್ಟದಿದ್ದರೆ ಅಥವಾ ಎರಡರ ನಡುವೆ 3ಕ್ಕಿಂತ ಹೆಚ್ಚು ಅಂತರವಿದ್ದರೆ ಒಂದು ಗಂಟೆ ಬಿಟ್ಟು ಮತ್ತೆ ನೋಡಿ, ಸರಿಹೋಗದಿದ್ದರೆ ಎಕೋ.

ಜೀನ್ ವರದಿಯ ಪ್ರತಿಯನ್ನು ಆಪರೇಷನ್ ಫೈಲಿನ ಜೊತೆಗೇ ಇಡಿ. ಹದಿನೆಂಟಾಗುವ ಹೊತ್ತಿಗೆ ಅದನ್ನು ಮಗನ ಅಥವಾ ಮಗಳ ಕೈಗೇ ಕೊಟ್ಟು, ತಜ್ಞರ ಎದುರು ಒಮ್ಮೆ ಕೂರಿಸಿ ವಿವರಿಸಬೇಕು. ಎಳೆವಯಸ್ಸಿನಲ್ಲಿ ರಂಧ್ರ ಮುಚ್ಚಿಸಿಕೊಂಡವರಿಗೆ ತಮಗೆ ಹೃದಯದೋಷವಿತ್ತು ಎಂಬುದೇ ಮರೆತಿರುತ್ತದೆ, ಮದುವೆಯ ಮಾತುಕತೆಯಲ್ಲಿ ಮನೆಯವರು ಅದನ್ನು ಮುಚ್ಚಿಡುವುದೂ ಉಂಟು. ಅವರಲ್ಲಿ ಟಿಬಿಎಕ್ಸ್5 ಅಥವಾ ಎನ್‌ಕೆಎಕ್ಸ್2-5 ಕೆಟ್ಟಿದ್ದರೆ, ಅವರ ಪ್ರತಿ ಮಗುವಿನ ಹೃದಯವನ್ನೂ ಗರ್ಭದ 18ನೇ ವಾರದಲ್ಲೇ ನೋಡಿಸಬೇಕು.